ಬೆಣ್ಣೆ, ಮೊಸರು ಇಲ್ಲದೆ ಖಾರಾ ಬಿಸ್ಕತ್ತು ಆಗುತ್ತಾ?

ಪ್ರಶ್ನೆ: ನಾಳೆ ಆಫೀಸಿನಲ್ಲಿ ಹತ್ತು ಜನಕ್ಕೆ ಹಂಚಬೇಕು. ಇಬ್ಬರು ವೀಗನ್, ಹಾಲು, ಮೊಸರು, ತುಪ್ಪ ಯಾವುದೂ ಮುಟ್ಟುವುದಿಲ್ಲ. ಅಯ್ಯಂಗಾರ್ ಬೇಕರಿ ಥರದ ಖಾರಾ ಬಿಸ್ಕತ್ತು ಎಲ್ಲರಿಗೂ ಇಷ್ಟ, ಆದರೆ ಅದಕ್ಕೆ ಬೆಣ್ಣೆ ಬೇಕಲ್ವಾ? ನನಗಿರುವುದು ಒಂದೇ ಗಂಟೆ.

ಉತ್ತರ 1: ಖಂಡಿತ ಆಗುತ್ತದೆ, ನಾನು ಆಗಾಗ ಮಾಡುತ್ತೇನೆ. ಕೊಬ್ಬರಿ ಎಣ್ಣೆಯನ್ನು ಫ್ರಿಜ್ಜಿನಲ್ಲಿಟ್ಟು ಬೆಣ್ಣೆಯಷ್ಟು ಗಟ್ಟಿ ಮಾಡಿಕೊಳ್ಳಿ. ಎರಡು ಕಪ್ ಮೈದಾಗೆ ಅರ್ಧ ಕಪ್ ಎಣ್ಣೆ, ಎರಡು ಚಮಚ ಸಕ್ಕರೆ, ಉಪ್ಪು, ಅರ್ಧ ಚಮಚ ಬೇಕಿಂಗ್ ಪೌಡರ್, ಸಣ್ಣಗೆ ಹೆಚ್ಚಿದ ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ ಎಲ್ಲ ಹಾಕಿ ಬೆರಳ ತುದಿಯಲ್ಲೇ ಉಜ್ಜಿ, ಆಮೇಲೆ ನಾಲ್ಕೈದು ಚಮಚ ತೆಂಗಿನಹಾಲಿಗೆ ಸ್ವಲ್ಪ ನಿಂಬೆರಸ ಹಿಂಡಿ ಅದರಲ್ಲಿ ಕಲಸಿ. ಆ ಹುಳಿ ಬಿಡಬೇಡಿ, ಮೊಸರಿನ ರುಚಿ ಬರುವುದೇ ಅದರಿಂದ. ಜಾಸ್ತಿ ನಾದಿದರೆ ಬಿಸ್ಕತ್ತು ಗಟ್ಟಿಯಾಗುತ್ತದೆ. ಲಟ್ಟಿಸಿ ಕತ್ತರಿಸಿ, ಓವನ್ನಿನಲ್ಲಿ 180 ಡಿಗ್ರಿ ಸೆಲ್ಸಿಯಸ್‌ನಲ್ಲಿ 15ರಿಂದ 18 ನಿಮಿಷ, ಅಂಚು ಕೆಂಪಾದರೆ ಸಾಕು. ತೆಗೆದಾಗ ಮೆತ್ತಗಿರುತ್ತದೆ, ಆರಿದ ಮೇಲೆ ಗರಿಗರಿ.

ಉತ್ತರ 2: ಬೆಣ್ಣೆಯ ಬದಲು ಬಳಸುವ ಮಾರ್ಗರಿನ್ ತರುವುದಾದರೆ ಪ್ಯಾಕೆಟ್ಟಿನ ಹಿಂದೆ ಓದಿ, ಕೆಲವದರಲ್ಲಿ ಹಾಲಿನ ಅಂಶ ಇರುತ್ತದೆ. ಹಸಿರು ಚುಕ್ಕೆ ನೋಡಿದರೆ ಸಾಲದು, ಹಾಲು ಹಾಕಿದ ತಿಂಡಿಗೂ ಅದೇ ಚುಕ್ಕೆ. ನಾನು ಒಮ್ಮೆ ಹಾಗೆ ತಂದು ಗೆಳತಿಗೆ ಮಾಡಿಕೊಟ್ಟು ಆಮೇಲೆ ಗೊತ್ತಾಗಿ ತುಂಬಾ ಬೇಜಾರಾಯಿತು.

ಉತ್ತರ 3: ಬಿಸಿ ಇರುವಾಗ ಡಬ್ಬಿ ಮುಚ್ಚಬೇಡಿ, ಮೆತ್ತಗಾಗಿಬಿಡುತ್ತದೆ. ಗೋಧಿಹಿಟ್ಟಿನಲ್ಲೂ ಆಗುತ್ತದೆ, ತೆಂಗಿನಹಾಲು ಒಂದು ಚಮಚ ಹೆಚ್ಚು ಬೇಕು.

ಪ್ರಶ್ನೆ ಕೇಳಿದವರು: ಈಗಷ್ಟೇ ಮೊದಲ ತಟ್ಟೆ ತೆಗೆದೆ. ಮನೆಯೆಲ್ಲ ಕರಿಬೇವಿನ ಘಮ! ಅಮ್ಮ ಆಗಲೇ ನಾಲ್ಕು ತಿಂದರು.