‘ಕಾರು ಸೋರುತ್ತಿದೆ’: ಒಳಕ್ಕೋ, ಹೊರಕ್ಕೋ?

ಬಳಗದವರೆಲ್ಲರಿಗೆ ನಮಸ್ಕಾರ.

ಕಾರಿನೊಳಗೆ ನೀರು ಸೇರುವುದೇಕೆ, ಅದು ಬರುವ ದಾರಿಯನ್ನು ಕಂಡುಹಿಡಿಯುವುದು ಹೇಗೆ, ಕಂಡ ಮೇಲೆ ಸರಿಪಡಿಸುವುದು ಹೇಗೆ ಎಂಬುದನ್ನು ಕುರಿತು ಕನ್ನಡದಲ್ಲಿ ಒಂದು ಕಿರುಕೈಪಿಡಿಯನ್ನು ಸಿದ್ಧಪಡಿಸುತ್ತಿದ್ದೇನೆ. ಕಾರಿಟ್ಟುಕೊಂಡವರೂ ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿರುವವರೂ ಓದಿಕೊಂಡು ತಾವೇ ಮಾಡಿ ನೋಡುವಂತಿರಬೇಕು ಎಂಬುದು ನನ್ನ ಆಸೆ. ಅದಕ್ಕೆ ಬೇಕಾದ ಕೆಲವು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಕೇಳಲು ಈ ಪತ್ರ.

ಮೊದಲ ತೊಡಕು ‘ಸೋರು’ ಎಂಬಲ್ಲಿಯೇ ಇದೆ. ‘ಮನೆ ಸೋರುತ್ತಿದೆ’ ಎಂದರೆ ಹೊರಗಿನ ಮಳೆ ಒಳಗೆ ಬರುತ್ತಿದೆ. ‘ಕೊಡ ಸೋರುತ್ತಿದೆ’ ಎಂದರೆ ಒಳಗಿನ ನೀರು ಹೊರಗೆ ಹೋಗುತ್ತಿದೆ. ಮೂಗು ಸೋರುವುದೂ ಕಿವಿ ಸೋರುವುದೂ ಕೊಡದ ಸಾಲಿಗೇ ಸೇರುತ್ತವೆ. ‘ನೀರು ಸೋರುತ್ತಿದೆ’ ಎಂದು ದ್ರವವನ್ನೇ ಕರ್ತೃವಾಗಿಸಿದರೂ ದಿಕ್ಕು ತಿಳಿಯುವುದಿಲ್ಲ. ತಡೆಯಬೇಕಾದದ್ದು ತಡೆಯುತ್ತಿಲ್ಲ, ಇಳಿಯಬಾರದದ್ದು ಇಳಿಯುತ್ತಿದೆ ಎಂಬಷ್ಟನ್ನೇ ಈ ಧಾತು ಹೇಳುತ್ತದೆ. ಹಳಗನ್ನಡದ ‘ಸೋರ್ಮುಡಿ’ಯಲ್ಲಂತೂ ದ್ರವದ ಮಾತೇ ಇಲ್ಲ, ಅಲ್ಲಿರುವುದು ಇಳಿಬಿದ್ದ ಕೂದಲು. ಮಲಯಾಳದ ‘ಚೋರುಕ’ ಇದೇ ಬೇರಿನ ಪದ. ದಿಕ್ಕನ್ನು ನಾವು ವಸ್ತುವಿನಿಂದ ಊಹಿಸಿಕೊಳ್ಳುತ್ತೇವೆ: ಮನೆಗೆ ಮಳೆ ಹೊರಗಿನದು, ಕೊಡಕ್ಕೆ ನೀರು ಒಳಗಿನದು.

ಕಾರಿನಲ್ಲಿ ಈ ಊಹೆ ಕೈಕೊಡುತ್ತದೆ, ಏಕೆಂದರೆ ಕಾರಿಗೆ ಛಾವಣಿಯೂ ಇದೆ, ಎಣ್ಣೆ ಮತ್ತು ಕೂಲೆಂಟ್ (ಎಂಜಿನ್ನನ್ನು ತಂಪಾಗಿಡುವ ದ್ರವ) ತುಂಬಿದ ಪಾತ್ರೆಗಳೂ ಇವೆ. ‘ಕಾರು ಸೋರುತ್ತಿದೆ’ ಎಂದು ಹೇಳಿದರೆ ಮೆಕ್ಯಾನಿಕ್ ಬಗ್ಗಿ ಕಾರಿನ ಅಡಿಯನ್ನು ನೋಡುತ್ತಾರೆ. ಹೇಳಿದವರು ತೋರಿಸಬೇಕೆಂದಿದ್ದುದು ಸೀಟಿನ ಮುಂದಿನ ಒದ್ದೆ ಕಾರ್ಪೆಟ್ಟನ್ನು. ಹಾಗಾಗಿ ‘ಒಳಸೋರಿಕೆ’, ‘ಹೊರಸೋರಿಕೆ’ ಎಂಬ ಜೋಡಿಯನ್ನು ಬಳಸೋಣವೆಂದುಕೊಂಡಿದ್ದೇನೆ.

ಆದರೆ ಒಂದು ಆಕ್ಷೇಪವಿದೆ. ಡ್ಯಾಶ್‌ಬೋರ್ಡಿನ ಹಿಂದೆ ಹೀಟರಿಗೆಂದು ಒಂದು ಪುಟ್ಟ ರೇಡಿಯೇಟರ್ ಇರುತ್ತದೆ. ಅದು ಬಿರುಕುಬಿಟ್ಟರೆ ಎಂಜಿನ್ನಿನ ಕೂಲೆಂಟ್ ಕಾರಿನೊಳಗೇ ಇಳಿಯುತ್ತದೆ. ಅದು ಕೊಡದ ಸೋರಿಕೆ, ನಡೆಯುವುದು ಮಾತ್ರ ಮನೆಯೊಳಗೆ. ಅದನ್ನೂ ‘ಒಳಸೋರಿಕೆ’ ಎಂದರೆ ಮಳೆನೀರಿನೊಡನೆ ಕಲಸಿಹೋಗುತ್ತದೆ. ಇಲ್ಲಿ ಗೊಂದಲವಾಗಬಾರದು. ಕೂಲೆಂಟಿನಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ವಿಷ. ರುಚಿ ಸಿಹಿಯಾದ್ದರಿಂದ ಮಕ್ಕಳಿಗೂ ಸಾಕುಪ್ರಾಣಿಗಳಿಗೂ ಅಪಾಯ ಹೆಚ್ಚು. ಕಾರ್ಪೆಟ್ ಅಂಟಂಟಾಗಿದ್ದರೆ, ಸಿಹಿಯಾದ ವಾಸನೆ ಬರುತ್ತಿದ್ದರೆ, ಮುಂದಿನ ಗಾಜಿನ ಒಳಮೈಯಲ್ಲಿ ಒರೆಸಿದಷ್ಟೂ ಹರಡುವ ಜಿಡ್ಡಿನ ಪೊರೆ ಕಟ್ಟುತ್ತಿದ್ದರೆ ಅದು ಮಳೆಯ ಕೆಲಸವಲ್ಲ. ದಿಕ್ಕನ್ನು ಬಿಟ್ಟು ದ್ರವದ ಹೆಸರನ್ನೇ ಹಿಡಿದು ‘ಕೂಲೆಂಟ್ ಸೋರಿಕೆ’, ‘ಮಳೆಸೋರಿಕೆ’ ಎಂದು ಬರೆಯಬಹುದೇ? ಆಗ ಕಾರು ತೊಳೆದಾಗ ಬರುವ ನೀರನ್ನು ಮಳೆಯ ಲೆಕ್ಕಕ್ಕೆ ಸೇರಿಸಬೇಕಾಗುತ್ತದೆ. ‘ಹೊರನೀರು’ ಎಂಬ ಪದವೂ ಮನಸ್ಸಿಗೆ ಬಂದಿದೆ. ನಿಮ್ಮ ಕಿವಿಗೆ ಯಾವುದು ಒಪ್ಪುತ್ತದೆ ಎಂದು ತಿಳಿಸಿ.

ಇನ್ನು ಈ ಪತ್ರ ಬರೆಯಲು ನಿಜವಾದ ಕಾರಣಕ್ಕೆ ಬರುತ್ತೇನೆ. ಕಾರನ್ನು ಡಬ್ಬಿಯಂತೆ ಮುಚ್ಚಿ ನೀರನ್ನು ಹೊರಗಿಟ್ಟಿರುತ್ತಾರೆ ಎಂದು ಹೆಚ್ಚಿನವರು ತಿಳಿದಿರುತ್ತಾರೆ. ತಯಾರಿಸುವವರ ಲೆಕ್ಕವೇ ಬೇರೆ. ಒಂದಷ್ಟು ನೀರು ಒಳಪದರಕ್ಕೆ ಬಂದೇ ಬರುತ್ತದೆ ಎಂದು ಒಪ್ಪಿಕೊಂಡು, ಅದು ಹೊರಗೆ ಹೋಗಲು ದಾರಿ ಮಾಡಿಟ್ಟಿರುತ್ತಾರೆ. ಬಾಗಿಲಿನ ಗಾಜು ಇಳಿಯುವ ಸೀಳಿನಲ್ಲಿ ರಬ್ಬರ್ ಇದ್ದರೂ ಮಳೆನೀರು ಬಾಗಿಲಿನೊಳಗೆ ಇಳಿಯುತ್ತದೆ, ಬಾಗಿಲಿನ ಕೆಳಅಂಚಿನ ಕಿಂಡಿಗಳಿಂದ ಹೊರಬೀಳುತ್ತದೆ. ಸನ್‌ರೂಫಿನ ಸುತ್ತಲಿನ ರಬ್ಬರನ್ನು ದಾಟಿದ ನೀರು ಅದರ ಚೌಕಟ್ಟಿನ ತಟ್ಟೆಗೆ ಬಿದ್ದು, ಮೂಲೆಗಳಿಂದ ಹೊರಟ ಸಣ್ಣ ಕೊಳವೆಗಳಲ್ಲಿ, ಛಾವಣಿಯನ್ನು ಹೊತ್ತ ಕಂಬಗಳೊಳಗೆ ಇಳಿದು ಕಾರಿನ ಅಡಿಗೆ ಹೋಗುತ್ತದೆ. ವೈಪರಿನ ಕೆಳಗಿನ ಜಾಲರಿಯ ಒಳಗೂ ಇಂಥದೇ ಏರ್ಪಾಡಿದೆ. ಎಸಿಯ ತಣ್ಣನೆಯ ಸುರುಳಿಯ ಮೇಲೆ ಗಾಳಿಯ ತೇವ ಹನಿಗಟ್ಟಿ, ಒಂದು ಕೊಳವೆಯ ಮೂಲಕ ನೆಲಕ್ಕೆ ಬೀಳುತ್ತದೆ.

ಇವುಗಳಿಗೆ ‘ಸೋರು’ ಸಲ್ಲದು. ಇದಕ್ಕಾಗಿ ನಮ್ಮಲ್ಲಿ ‘ಬಸಿ’ ಇದೆ. ಅನ್ನ ಬಸಿಯುತ್ತೇವೆ, ಹೊಲದಲ್ಲಿ ಬಸಿಗಾಲುವೆ ತೋಡುತ್ತೇವೆ. ಬೇಡವಾದ ನೀರನ್ನು ಬೇಕೆಂದೇ ಹೊರಹಾಕುವುದು ಬಸಿಯುವುದು. ಬೇಡದ ಕಡೆ ತಾನಾಗಿ ಇಳಿಯುವುದು ಸೋರುವುದು. ಎಸಿ ಹಾಕಿದಾಗ ಕಾರಿನಡಿಯಲ್ಲಿ ತೊಟ್ಟಿಕ್ಕುವ ನೀರನ್ನು ಕಂಡು ‘ಸೋರುತ್ತಿದೆ’ ಎಂದು ಗಾಬರಿಯಾಗುವವರಿಗೆ ‘ಅದು ಬಸಿಯುತ್ತಿರುವ ನೀರು’ ಎಂದರೆ ಒಂದೇ ಮಾತಿನಲ್ಲಿ ತಿಳಿಯುತ್ತದೆ. ನಿಜವಾದ ತೊಂದರೆ ಅದು ಹೊರಗೆ ಬೀಳುವುದು ನಿಂತಾಗ. ಕೊಳವೆಯಲ್ಲಿ ಕಸ ಕಟ್ಟಿಕೊಂಡಿದ್ದರೆ ಆ ನೀರು ಒಳಗೆ, ಮುಂದಿನ ಸೀಟಿನವರ ಕಾಲಡಿಗೆ ಬರುತ್ತದೆ. ಮಳೆಯಿಲ್ಲದ ದಿನವೂ ಬರುತ್ತದೆ, ತಿಳಿಯಾಗಿರುತ್ತದೆ, ಜಿಡ್ಡಿರುವುದಿಲ್ಲ. ಆ ಕೊಳವೆಗಳಿಗೆಲ್ಲ ‘ಬಸಿಕೊಳವೆ’ ಎಂಬ ಹೆಸರನ್ನು ಸೂಚಿಸುತ್ತೇನೆ. ಗ್ಯಾರೇಜಿನಲ್ಲಿ ‘ಡ್ರೈನ್ ಪೈಪ್’ ಎನ್ನುತ್ತಾರೆ; ಮೊದಲ ಸಲ ಎರಡನ್ನೂ ಒಟ್ಟಿಗೆ ಕೊಟ್ಟು, ಆಮೇಲೆ ‘ಬಸಿಕೊಳವೆ’ಯನ್ನೇ ಮುಂದುವರಿಸುವ ಯೋಚನೆ.

ಬಾಗಿಲಿನ ಕೆಳಅಂಚಿನ ಕಿಂಡಿಗೆ ಏನೆನ್ನಬೇಕು? ಇಲ್ಲಿ ನನಗೆ ತುಂಬ ಕಾಳಜಿಯಿದೆ. ‘ತೂತು’ ಎಂದು ಬರೆದರೆ ಓದುಗರು ಅದನ್ನು ಮುಚ್ಚುತ್ತಾರೆ. ಸೋರುವ ಕಾರನ್ನು ಸರಿಪಡಿಸಲು ಹೊರಟವರು ಕಂಡ ತೂತುಗಳಿಗೆಲ್ಲ ಸೀಲೆಂಟ್ ಹಾಕಿ, ನೀರು ಹೊರಹೋಗುವ ದಾರಿಯನ್ನೂ ಮುಚ್ಚಿಬಿಡುವುದು ಅಪರೂಪವಲ್ಲ. ಆಗ ಬಾಗಿಲಿನೊಳಗೆ ನೀರು ನಿಲ್ಲುತ್ತದೆ, ಬಾಗಿಲು ತೆಗೆದು ಹಾಕುವಾಗ ಕುಲುಕಾಡುವ ಸದ್ದು ಕೇಳುತ್ತದೆ, ಒಳಗಿನಿಂದ ತುಕ್ಕು ತಿನ್ನುತ್ತದೆ. ಅದಕ್ಕೇ ನಾನು ‘ತೂಬು’ ಎನ್ನಲು ಬಯಸುತ್ತೇನೆ. ಕೆರೆಯ ತೂಬನ್ನು ಯಾರೂ ತೂತೆಂದು ತಿಳಿಯುವುದಿಲ್ಲ; ಬಚ್ಚಲಿನ ತೂಬನ್ನೂ ಅಷ್ಟೆ. ತೂತು ಮುಚ್ಚಬೇಕಾದದ್ದು, ತೂಬು ತೆರೆದಿಡಬೇಕಾದದ್ದು. ‘ಬಾಗಿಲಿನ ತೂಬುಗಳಲ್ಲಿ ಕೂತ ಮಣ್ಣನ್ನು ಮೆತ್ತನೆಯ ಕಡ್ಡಿಯಿಂದ ಬಿಡಿಸಿ’ ಎಂದು ಬರೆದರೆ ಹೆಚ್ಚಿನ ಎಚ್ಚರಿಕೆಯ ಸಾಲೇ ಬೇಡ.

ಇದರ ಬೆನ್ನಿಗೇ ‘ಕೋಡಿ’ಯೂ ಬರುತ್ತದೆ. ಸನ್‌ರೂಫಿನ ಬಸಿಕೊಳವೆ ಕಟ್ಟಿಕೊಂಡರೆ ತಟ್ಟೆ ತುಂಬಿ ಕೋಡಿ ಹರಿದು ಛಾವಣಿಯ ಒಳಬಟ್ಟೆ ನೆನೆಯುತ್ತದೆ. ‘ಸನ್‌ರೂಫ್ ಸೋರುತ್ತಿದೆ’ ಎಂದವರು ರಬ್ಬರ್ ಬದಲಿಸುತ್ತಾರೆ. ‘ಕೋಡಿ ಹರಿದಿದೆ’ ಎಂದವರು ತೂಬನ್ನು ನೋಡುತ್ತಾರೆ. ಕೈಪಿಡಿಯಲ್ಲಿ ಇದರ ಪರಿಹಾರವೂ ಇದೆ: ತಟ್ಟೆಯ ಮೂಲೆಗೆ ಸ್ವಲ್ಪ ಸ್ವಲ್ಪವಾಗಿ ನೀರು ಹೊಯ್ದು, ಚಕ್ರದ ಹಿಂದೆ ಅಥವಾ ಬಾಗಿಲಿನ ಕೀಲಿನ ಬಳಿ ಅದು ಹೊರಬರುತ್ತದೆಯೇ ಎಂದು ನೋಡಬೇಕು. ಬಾರದಿದ್ದರೆ ತೆಳುವಾದ ನೈಲಾನ್ ಎಳೆಯನ್ನು ಮೆಲ್ಲನೆ ತೂರಿಸಬೇಕು. ಜೋರಾಗಿ ಗಾಳಿ ಊದಿದರೆ ಕಂಬದೊಳಗೆ ಕೊಳವೆಯ ಕೂಡಿಕೆಯೇ ಕಳಚಿಕೊಂಡು, ಇಲ್ಲದ ಸೋರಿಕೆ ಶುರುವಾದೀತು.

ಮುಂದಿನದು ನೀರು ಬರುವ ಬಗೆಯನ್ನು ಹೇಳುವ ಕ್ರಿಯಾಪದಗಳು. ಕನ್ನಡದಲ್ಲಿ ಇವು ಹೇರಳವಾಗಿವೆ; ಎಲ್ಲಕ್ಕೂ ‘ಲೀಕ್ ಆಗುತ್ತಿದೆ’ ಎಂದುಬಿಡುವುದು ನನಗೆ ನೋವಿನ ಸಂಗತಿ, ಏಕೆಂದರೆ ಬಗೆಯನ್ನು ಸರಿಯಾಗಿ ಹೇಳಿದರೆ ಹುಡುಕುವ ಜಾಗ ಕಿರಿದಾಗುತ್ತದೆ. ತೊಟ್ಟಿಕ್ಕುತ್ತಿದ್ದರೆ ಮೇಲೆಲ್ಲೋ ನೀರು ನಿಂತು ಒಂದು ಅಂಚಿನಿಂದ ಬೀಳುತ್ತಿದೆ. ಜಿನುಗುತ್ತಿದ್ದರೆ ಅಂಟು ಬಿಟ್ಟ ಗಾಜಿನ ಅಂಚನ್ನೋ ಹಿಂದಿನ ದೀಪದ ಗ್ಯಾಸ್ಕೆಟ್ಟನ್ನೋ (ಸಂದಿಯಲ್ಲಿ ನೀರು ತಡೆಯುವ ಮೆತ್ತೆ) ತಗಡಿನ ಕೂಡಿಕೆಯನ್ನೋ ಅನುಮಾನಿಸಬೇಕು. ‘ಒಸರು’ ಎಂಬುದನ್ನು ಜಿನುಗುವುದಕ್ಕಿಂತ ನಿಧಾನವಾದದ್ದಕ್ಕೆ, ಹನಿಯೂ ಕಾಣದೆ ಮೇಲ್ಮೈ ಮಾತ್ರ ಪಸೆಯಾಗುವುದಕ್ಕೆ ಇಟ್ಟುಕೊಳ್ಳಬಹುದೇ? ಈ ಎರಡರ ಅಂತರ ನನ್ನ ಬಳಕೆಯಲ್ಲಿ ಸ್ಪಷ್ಟವಾಗಿದೆ, ಎಲ್ಲರಿಗೂ ಹಾಗೆಯೇ ಎಂದು ಹೇಳಲಾರೆ. ‘ಎರಚಲು’ ಇವೆಲ್ಲಕ್ಕಿಂತ ಬೆಲೆಯುಳ್ಳ ಪದ. ನಿಂತ ಕಾರಿಗೆ ಎಷ್ಟು ಮಳೆ ಬಂದರೂ ಒಳಗೆ ಒಣಗಿರುತ್ತದೆ, ಮಳೆಯಲ್ಲಿ ಓಡಿಸಿದಾಗ ಮಾತ್ರ ಒದ್ದೆಯಾಗುತ್ತದೆ ಎಂದರೆ, ಗಾಳಿಯ ಒತ್ತಡಕ್ಕೆ ಸಿಕ್ಕಿ ಬಾಗಿಲಿನ ಬೀಡಿಂಗ್ (ಸುತ್ತಲಿನ ರಬ್ಬರ್ ಪಟ್ಟಿ) ದಾಟಿ ಬರುವ ಎರಚಲೋ, ಚಕ್ರ ಕೆಳಗಿನಿಂದ ಎರಚಿದ ನೀರೋ ಆಗಿರುತ್ತದೆ. ಬೀಡಿಂಗ್ ಮತ್ತು ಬಾಗಿಲಿನ ನಡುವೆ ಒಂದು ಕಾಗದದ ಚೂರನ್ನಿಟ್ಟು ಬಾಗಿಲು ಹಾಕಿ ಎಳೆದರೆ, ಸಡಿಲವಿರುವ ಕಡೆ ಅದು ಸಲೀಸಾಗಿ ಬರುತ್ತದೆ.

ಹುಡುಕುವ ಕೆಲಸಕ್ಕೆ ‘ಪತ್ತೆಹಚ್ಚು’ ಎಂಬುದಕ್ಕಿಂತ ‘ಜಾಡು ಹಿಡಿ’ ಹೆಚ್ಚು ಹೊಂದುತ್ತದೆ ಎಂದು ನನಗನ್ನಿಸುತ್ತದೆ. ಒದ್ದೆಯಾದ ಜಾಗ ಸೋರುವ ಜಾಗವಾಗಿರುವುದು ಕಡಿಮೆ. ನೀರು ತಗಡಿನ ಮಡಿಕೆಯನ್ನೋ ತಂತಿಗಳ ಕಟ್ಟನ್ನೋ ಹಿಡಿದು ಬಹಳ ದೂರ ಸಾಗಿ ಎಲ್ಲೋ ಬೀಳುತ್ತದೆ. ಒಣಗಿದ ಮೇಲೆ ದೂಳಿನ ಗೆರೆ ಉಳಿಯುತ್ತದೆ, ಅದೇ ಜಾಡು. ನೀರು ಬಿಟ್ಟು ನೋಡುವಾಗ ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಒತ್ತಡವಿಲ್ಲದೆ ಹರಿಯುವ ಪೈಪನ್ನು ಒಂದೊಂದು ಕಡೆ ಕೆಲವು ನಿಮಿಷ ಹಿಡಿಯಬೇಕು, ಒಳಗೊಬ್ಬರು ಟಾರ್ಚ್ ಹಿಡಿದು ಕಾಯಬೇಕು. ಮೇಲಿನಿಂದ ಆರಂಭಿಸಿದರೆ ಕೆಳಗಿನದೆಲ್ಲ ಒಟ್ಟಿಗೇ ನೆನೆದು ಯಾವುದೂ ತಿಳಿಯದು.

ಸರಿಪಡಿಸುವ ಪದಗಳಲ್ಲಿ ‘ಮೆತ್ತು’ ಎಂಬುದನ್ನು ದೂರವಿಟ್ಟಿದ್ದೇನೆ. ಮುಂದಿನ ಗಾಜನ್ನು ಕೂರಿಸುವುದು ಯುರಿಥೇನ್ ಅಂಟಿನಿಂದ. ಅದು ಬಿಟ್ಟ ಕಡೆ ಹೊರಗಿನಿಂದ ಸಿಲಿಕೋನ್ ಮೆತ್ತಿದರೆ ಗಟ್ಟಿಯಾಗಿ ಹಿಡಿಯುವುದಿಲ್ಲ, ಮುಂದೆ ಸರಿಯಾದ ಅಂಟು ಹಾಕುವಾಗ ಉಳಿದ ಸಿಲಿಕೋನ್ ಅಡ್ಡಿಯಾಗುತ್ತದೆ. ಗಾಜು ತೆಗೆದು, ತುಕ್ಕಿದ್ದರೆ ಕೆರೆದು, ಪ್ರೈಮರ್ ಬಳಿದು ಮತ್ತೆ ಕೂರಿಸಬೇಕು. ಆದ್ದರಿಂದ ಗಾಜಿಗೆ ‘ಕೂರಿಸು’, ಗ್ಯಾಸ್ಕೆಟ್ಟಿಗೆ ‘ಬದಲಿಸು’, ತೂಬಿಗೆ ‘ಬಿಡಿಸು’.

ತೇವದ ಪದಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ‘ಮುಗ್ಗಲು ವಾಸನೆ’, ‘ಬೂಷ್ಟು’ ಎಲ್ಲರಿಗೂ ಗೊತ್ತು. ‘ಶಿಲೀಂಧ್ರ’ವನ್ನು ಕೈಪಿಡಿಗೆ ತರುವುದಿಲ್ಲ. ಕಾರ್ಪೆಟ್ಟಿನ ಅಡಿಯ ಫೋಮಿಗೆ ಮಾತ್ರ ‘ಹೀರು’ ಸರಿಯೋ ‘ಇಂಗು’ ಸರಿಯೋ ಎಂಬ ಅನುಮಾನವಿದೆ. ಮೇಲೆ ಮುಟ್ಟಿದರೆ ಒಣಗಿರುತ್ತದೆ, ಅಂಗೈಯಿಂದ ಒತ್ತಿದರೆ ನೀರು ಮೇಲೇಳುತ್ತದೆ. ಆ ನೀರು ಅಲ್ಲೇ ಉಳಿದು, ಸೀಟಿನಡಿಯ ವಿದ್ಯುತ್ ಜೋಡಣೆಗಳಿಗೆ ತುಕ್ಕು ಹಿಡಿಸುತ್ತದೆ. ಕಣ್ಣಿಗೆ ಕಾಣದಂತೆ ಒಳಗೆ ಸೇರಿರುವುದರಿಂದ ನಾನು ‘ಇಂಗು’ ಎಂದು ಬರೆದಿದ್ದೇನೆ, ಆದರೆ ಇಂಗಿದ ನೀರು ಮತ್ತೆ ತೊಂದರೆ ಕೊಡುವುದಿಲ್ಲ ಎಂಬ ಧ್ವನಿ ಆ ಪದಕ್ಕಿದೆ.

ಕೊನೆಯದಾಗಿ ಪದವೇ ಸಿಗದ ಒಂದು ಭಾಗ. ಬಾಗಿಲಿನ ಒಳಹೊದಿಕೆಯನ್ನು ಬಿಚ್ಚಿದರೆ ಅದರ ಹಿಂದೆ ತೆಳುವಾದ ಪ್ಲಾಸ್ಟಿಕ್ ಅಥವಾ ಫೋಮಿನ ಹಾಳೆಯೊಂದನ್ನು ಕಪ್ಪು ಬ್ಯುಟೈಲ್ ಅಂಟಿನಿಂದ ಸುತ್ತಲೂ ಅಂಟಿಸಿರುತ್ತಾರೆ. ಬಾಗಿಲಿನೊಳಗೆ ಇಳಿದ ನೀರು ಕಾರಿನೊಳಗೆ ದಾಟದಂತೆ ತಡೆಯುವುದು ಇದೇ. ಸ್ಪೀಕರನ್ನೋ ಗಾಜು ಏರಿಸುವ ಮೋಟಾರನ್ನೋ ಬದಲಿಸಿದವರು ಇದನ್ನು ಹರಿದು, ಹಾಗೆಯೇ ಹೊದಿಕೆ ಮುಚ್ಚಿಬಿಟ್ಟರೆ ಮುಂದಿನ ಮಳೆಗೆ ಕಾರ್ಪೆಟ್ ನೆನೆಯುತ್ತದೆ. ಇಷ್ಟು ಮುಖ್ಯವಾದ ಹಾಳೆಗೆ ಗ್ಯಾರೇಜಿನಲ್ಲಿ ‘ಪ್ಲಾಸ್ಟಿಕ್’ ಎಂಬುದರ ಹೊರತು ನಾನು ಬೇರೆ ಹೆಸರು ಕೇಳಿಲ್ಲ. ಹೆಸರು ಅಷ್ಟು ಅಗ್ಗವಾದ್ದರಿಂದಲೇ ಅದನ್ನು ಕಿತ್ತೆಸೆಯುತ್ತಾರೇನೋ. ‘ನೀರ್ದಡೆ’ ಎಂದು ಕಟ್ಟಿ ನೋಡಿದೆ. ಓದಲು ಚೆನ್ನಾಗಿದೆ, ಆದರೆ ಹಾಳೆ ಎಂಬುದು ಹೊಳೆಯುವುದಿಲ್ಲ. ‘ತಡೆಹಾಳೆ’ ಎಂದರೆ ಏನನ್ನು ತಡೆಯುತ್ತದೆ ಎಂದು ತಿಳಿಯುವುದಿಲ್ಲ.

ಇವೆರಡರಲ್ಲಿ ಯಾವುದಾದರೂ ಆದೀತೇ, ಅಥವಾ ಕೆಲಸ ಮಾಡುವವರ ಬಾಯಲ್ಲಿ ಇದಕ್ಕೆ ಬೇರೆ ಪದ ಇದೆಯೇ? ಕೇಳಿದ್ದರೆ, ಯಾವ ಭಾಗವನ್ನು ತೋರಿಸಿ ಆ ಪದವನ್ನು ಹೇಳಿದರು ಎಂಬುದನ್ನೂ ಸೇರಿಸಿ ಬರೆಯಿರಿ.