ಅಪ್‌ಡೇಟ್: ಬೆಟಗೇರಿಯ ಮನೆ ಪ್ರಾರ್ಥನೆಯನ್ನು ನಾವು ನಿಲ್ಲಿಸಲಿಲ್ಲ

ಗದಗಿನ ಅವಳಿ ಪಟ್ಟಣವಾದ ಬೆಟಗೇರಿಯ ನಮ್ಮ ಬಾಡಿಗೆ ಮನೆಯಲ್ಲಿ ನಡೆಯುವ ವಾರದ ಕ್ರೈಸ್ತ ಪ್ರಾರ್ಥನೆಗೆ ಓಣಿಯ ಕೆಲವರು ಬಂದು, ‘ಮತಾಂತರ ನಡೆಸುತ್ತಿದ್ದೀರಿ’ ಎಂದು ಕೂಗಾಡಿದ ಮೇಲೆ, ಅದನ್ನು ನಿಲ್ಲಿಸಬೇಕೇ ಎಂದು ನಿಮ್ಮನ್ನು ಕೇಳಿದ್ದೆ. ಉತ್ತರಿಸಿದವರೆಲ್ಲರಿಗೂ ವಂದನೆಗಳು.

ಹಲವರು ಸೂಚಿಸಿದಂತೆ ಬೈಬಲಿನ ಪೇತ್ರನ ಮೊದಲನೆಯ ಪತ್ರವನ್ನು ಮನೆಯವರೆಲ್ಲ ಕುಳಿತು ಓದಿದೆವು. ಏಷ್ಯಾ ಮೈನರಿನಲ್ಲಿ (ಇಂದಿನ ಟರ್ಕಿ) ಚದುರಿಹೋಗಿ, ನೆರೆಯವರಿಂದ ದುಷ್ಕರ್ಮಿಗಳೆಂದು ನಿಂದೆ ಕೇಳುತ್ತಿದ್ದ ವಿಶ್ವಾಸಿಗಳಿಗೆ ಬರೆದ ಆ ಪತ್ರವು, ನಿಮ್ಮ ನಂಬಿಕೆಯ ನಿರೀಕ್ಷೆಗೆ ಆಧಾರವೇನೆಂದು ಕೇಳುವವರಿಗೆ ಸೌಮ್ಯವಾಗಿ ಉತ್ತರಿಸಿರಿ ಎನ್ನುವುದರ ಜೊತೆಗೆ, ಪರರ ಕಾರ್ಯಗಳಲ್ಲಿ ತಲೆಹಾಕಿ ಶಿಕ್ಷೆಗೆ ಗುರಿಯಾಗಬೇಡಿರಿ ಎಂದೂ ಎಚ್ಚರಿಸುತ್ತದೆ. ಈ ಎರಡನೆಯ ಮಾತನ್ನು ನಮ್ಮವರು ಸಾಮಾನ್ಯವಾಗಿ ದಾಟಿಹೋಗುತ್ತಾರೆ. ನನಗೆ ಹೆಚ್ಚು ಉಪಯೋಗವಾದದ್ದು ಅದೇ.

ನಮ್ಮ ಚರ್ಚಿನ ಸಭಾಪಾಲಕರೊಂದಿಗೆ ಓಣಿಯ ಹಿರಿಯರನ್ನು ಭೇಟಿಯಾಗಿ, ನಮ್ಮಲ್ಲಿ ಧ್ವನಿವರ್ಧಕವಿಲ್ಲವೆಂದೂ, ಬರುವವರು ನಮ್ಮ ಸಭೆಯ ಕುಟುಂಬಗಳೇ ಎಂದೂ ತಿಳಿಸಿದೆವು. ಸಂವಿಧಾನದ 25ನೆಯ ವಿಧಿಯು ಸಾರ್ವಜನಿಕ ಸುವ್ಯವಸ್ಥೆಗೆ ಒಳಪಟ್ಟು ಧರ್ಮಾಚರಣೆಯ ಹಕ್ಕನ್ನು ಕೊಟ್ಟಿರುವುದನ್ನು ಉಲ್ಲೇಖಿಸಿ, ಪೊಲೀಸ್ ಠಾಣೆಗೂ ಲಿಖಿತ ಮನವಿ ಸಲ್ಲಿಸಿದ್ದೇವೆ. ನಿನ್ನೆ ಮೊನ್ನೆ ಬಂದವರು ಎಂದು ಒಬ್ಬರು ಹಂಗಿಸಿದಾಗ, ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೂ 1841ರಲ್ಲಿ ಬೆಟಗೇರಿಗೂ ಬಂದದ್ದನ್ನು ನನ್ನ ಮಗ ಹೇಳಿದ. ಇತಿಹಾಸದಿಂದ ಯಾರ ಸಿಟ್ಟೂ ಇಳಿಯಲಿಲ್ಲ, ಆದರೆ ಹುಡುಗನ ಅಂಜಿಕೆ ಹೋಯಿತು.

ಹಿರಿಯರಲ್ಲಿ ಇಬ್ಬರು ನಮ್ಮ ಪರವಾಗಿ ಮಾತನಾಡಿದ್ದಾರೆ. ಉಳಿದವರು ಇನ್ನೂ ಮುಖ ತಿರುಗಿಸಿಯೇ ಹೋಗುತ್ತಾರೆ. ಮನೆಯ ಮಾಲೀಕರು ಕರಾರು ಮುಂದುವರಿಸುವ ಬಗ್ಗೆ ಏನನ್ನೂ ಹೇಳಿಲ್ಲ. ಬಿಡಿಸಿದರೆ ಗದಗಿನಲ್ಲಿಯೇ ಬೇರೆ ಮನೆ ನೋಡುತ್ತೇವೆ, ಪ್ರಾರ್ಥನೆಯನ್ನು ಅಲ್ಲಿ ಮುಂದುವರಿಸುತ್ತೇವೆ.