‘ತಂದೆ’ ಅಂದರೆ ತಂದು ಹಾಕುವವನಾ?

ಪ್ರಶ್ನೆ:
ತಂದು ಹಾಕುವವನು ತಂದೆ ಅನ್ನುವ ವಿವರಣೆ ಎಲ್ಲ ಕಡೆ ಓಡಾಡುತ್ತಿದೆ. ಹಾಗಾದರೆ ‘ತಾಯಿ’ಯಲ್ಲೂ, ‘ತಮ್ಮ’, ‘ತಂಗಿ’ಯಲ್ಲೂ ಅದೇ ‘ತ’ ಯಾಕಿದೆ? ಗೊತ್ತಿದ್ದವರು ಬಿಡಿಸಿ ಹೇಳಿ.

ಉತ್ತರ 1:
ಗುಟ್ಟು ಇರುವುದು ಆ ‘ತ’ದಲ್ಲೇ. ಅದು ‘ತಾನು, ತಮ್ಮದು’ ಅನ್ನುವಾಗಿನ ‘ತಮ್’. ಕನ್ನಡದಲ್ಲಿ ಅದರ ಜೊತೆಯ ರೂಪಗಳು ಅಳಿದಿವೆ, ಹಳೆಯ ತಮಿಳಿನಲ್ಲಿ ಉಳಿದಿವೆ: ಎಂದೈ ನನ್ನ ಅಪ್ಪ, ನುಂದೈ ನಿನ್ನ ಅಪ್ಪ, ತಂದೈ ಅವರ ಅಪ್ಪ. ಅಮ್ಮನಿಗೂ ಹಾಗೆಯೇ ಯಾಯ್, ಞಾಯ್, ತಾಯ್. ಹಳೆಯ ತಮಿಳು ಪದ್ಯಗಳ ಸಂಕಲನ ‘ಕುಱುಂತೊಗೈ’ಯ 40ನೇ ಪದ್ಯದ ಮೊದಲಲ್ಲೇ ಯಾಯ್, ಞಾಯ್, ಎಂದೈ, ನುಂದೈ ನಾಲ್ಕೂ ಸಿಗುತ್ತವೆ. ತಮಿಳಿನಲ್ಲಿ ಪದದ ಕೊನೆಗೆ ಬರುವ ‘ಐ’ ಕನ್ನಡದಲ್ಲಿ ‘ಎ’: ತಲೈ-ತಲೆ, ಮನೈ-ಮನೆ, ತಂದೈ-ತಂದೆ.

‘ತಂದು ಹಾಕುವವನು’ ಅನ್ನುವುದನ್ನು ಕೈಬಿಡಲು ತೆಲುಗೊಂದೇ ಸಾಕು. ಅಲ್ಲಿ ತಂದೆ ‘ತಂಡ್ರಿ’, ಆದರೆ ‘ತಂದನು’ ಅನ್ನಲು ‘ತೆಚ್ಚಾಡು’. ಕ್ರಿಯಾಪದ ಬೇರೆಯೇ, ನಂಟಿನ ಹೆಸರು ಮಾತ್ರ ನಮ್ಮದರ ಹಾಗೇ.

ಮೂಲಾರ್ಥ ಹಿಡಿದು ಹೊರಟರೆ ‘ನನ್ನ ತಂದೆ’ ಅಂದರೆ ‘ನನ್ನ ಅವರಪ್ಪ’! ಊಟಕ್ಕೆ ಕರೆಯುವಾಗ ಈಗಲೂ ‘ಅಪ್ಪಾ, ಬಾ’ ಅನ್ನುತ್ತೇವೆ, ‘ತಂದೆ, ಬಾ’ ಅನ್ನುವುದಿಲ್ಲ.

ಪ್ರಶ್ನೆ ಕೇಳಿದವರು:
ಹಾಗಾದರೆ ಅಪ್ಪ, ಅಮ್ಮ? ಪಾಪಾ, ಮಮ್ಮಿಗೂ ಇವಕ್ಕೂ ನಂಟಿದೆಯಾ?

ಉತ್ತರ 2:
ಇಲ್ಲ. ಕೂಸು ತುಟಿ ಮುಚ್ಚಿ ತೆರೆದರೆ ಬರುವ ಸದ್ದೇ ಪ, ಬ, ಮ. ಹೆತ್ತವರು ಅದನ್ನು ತಮ್ಮ ಹೆಸರು ಮಾಡಿಕೊಳ್ಳುತ್ತಾರೆ. ಮೊಲೆಯುಣ್ಣುವಾಗ ಬಾಯಿ ತುಂಬಿರುತ್ತದೆ, ಸದ್ದು ಹೊರಡುವುದು ಮೂಗಿನಿಂದ, ಅದು ‘ಮ್ಮ್’. ಅಮ್ಮನ ಪಾಲಿಗೆ ‘ಮ’ ಹೆಚ್ಚಾಗಿ ಬಂದದ್ದಕ್ಕೆ ಭಾಷಾವಿಜ್ಞಾನಿ ರೋಮನ್ ಯಾಕಬ್‌ಸನ್ ಕೊಟ್ಟ ಕಾರಣ ಇದು. ಕಟ್ಟಳೆಯೇನಲ್ಲ: ಜಾರ್ಜಿಯನ್ ಭಾಷೆಯಲ್ಲಿ ‘ಮಾಮಾ’ ಅಪ್ಪ, ‘ದೆದಾ’ ಅಮ್ಮ.

ನಿಜವಾದ ನಂಟಾದರೆ ಅದೇ ಧ್ವನಿ ಬದಲಾವಣೆ ಬೇರೆ ಪದಗಳಲ್ಲೂ ಕಾಣಬೇಕು. ಪಿತೃ-ಫಾದರ್, ಪಾದ-ಫುಟ್ ಹಾಗೆ.

ಉತ್ತರ 3:
ಜಾರ್ಜಿಯಾವರೆಗೆ ಯಾಕೆ, ಮಂಗಳೂರಿಗೆ ಬನ್ನಿ. ತುಳುವಿನಲ್ಲಿ ‘ಅಪ್ಪೆ’ ತಾಯಿ, ‘ಅಮ್ಮೆ’ ತಂದೆ. ‘ಅಪ್ಪೆ ಬಾಸೆ’ ಅಂದರೆ ತಾಯ್ನುಡಿ. ಅನುವಾದಕರು ಎಡವುವುದು ಇಲ್ಲೇ. ‘ಎನ್ನ ಅಮ್ಮೆರ್ ಬತ್ತೆರ್’ ಅನ್ನುವುದನ್ನು ‘ನನ್ನ ಅಮ್ಮ ಬಂದರು’ ಎಂದು ಕನ್ನಡಿಸಿದರೆ ತಪ್ಪು, ಬಂದದ್ದು ಅಪ್ಪ. ಗೌರವದ ‘ಬತ್ತೆರ್’ ಹೆಣ್ಣಿಗೂ ಗಂಡಿಗೂ ಒಂದೇ ಆದ್ದರಿಂದ ಕ್ರಿಯಾಪದ ನೋಡಿದರೂ ಸುಳಿವು ಸಿಗದು.